ಜೆಮ್ ಪೋರ್ಟಲ್: ಆರ್ಡರ್ ಬೇಗ ಬರುತ್ತದೆ, ದುಡ್ಡಿಗೆ ಕಾಯಬೇಕು

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಮ್ಮದೊಂದು ಸಣ್ಣ ಶೆಡ್ ಇದೆ. ಸ್ಟೀಲ್ ರ‍್ಯಾಕ್, ಬೀರು, ಫೈಲ್ ಕ್ಯಾಬಿನೆಟ್ ಮಾಡುತ್ತೇವೆ. ಸರ್ಕಾರಿ ಕಚೇರಿಗಳು ಮಾಲು ಕೊಳ್ಳುವ ಜೆಮ್ ಅನ್ನುವ ಆನ್‌ಲೈನ್ ಪೋರ್ಟಲ್‌ನಲ್ಲಿ ಮಾರಬಹುದಾ, ಅಲ್ಲಿ ಏನಾದರೂ ಉಳಿಯುತ್ತದಾ ಅಂತ ಅಕ್ಕಪಕ್ಕದ ಶೆಡ್‌ನವರು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆರ್ಡರ್ ತಂದುಕೊಡುವ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ದುಡ್ಡು ಕೈಗೆ ಬರುವ ಕೆಲಸಕ್ಕೆ ಎರಡೂವರೆ. ಒಟ್ಟಿಗೆ ಮೂರೂವರೆ ಅಂದುಕೊಳ್ಳಿ.

ಜೆಮ್ ಶುರುವಾಗಿದ್ದು 2016ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾಲು ಕೊಡಬೇಕಂದ್ರೆ ಡಿಜಿಎಸ್ ಅಂಡ್ ಡಿ ಅಂತ ಒಂದು ಇಲಾಖೆಯ ರೇಟ್ ಕಾಂಟ್ರ್ಯಾಕ್ಟ್ ಹಿಡಿಯಬೇಕಿತ್ತು, ನಮ್ಮಂಥವರಿಗೆ ಅದು ದೂರದ ಮಾತು. 2017ರಲ್ಲಿ ಅದನ್ನು ಮುಚ್ಚಿದರು. ಅದೇ ವರ್ಷದ ಹಣಕಾಸು ನಿಯಮಗಳ 149ನೇ ನಿಯಮ, ಜೆಮ್‌ನಲ್ಲಿ ಸಿಗುವ ಮಾಲನ್ನು ಕೇಂದ್ರದ ಕಚೇರಿಗಳು ಅಲ್ಲೇ ಕೊಳ್ಳಬೇಕು ಅಂತ ಕಡ್ಡಾಯ ಮಾಡಿತು. 2023-24ರಲ್ಲಿ ಅಲ್ಲಿನ ಖರೀದಿ 4 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಆದ್ರೆ ನಮ್ಮ ರಾಜ್ಯದ ಇಲಾಖೆಗಳದ್ದು ಬಹುಪಾಲು ಬೇರೆ ದಾರಿ: 1999ರ ಕೆಟಿಪಿಪಿ ಅನ್ನುವ ರಾಜ್ಯದ ಖರೀದಿ ಕಾಯ್ದೆ, ರಾಜ್ಯದ್ದೇ ಆದ ಕೆಪಿಪಿಪಿ ಪೋರ್ಟಲ್, ಡಿಜಿಟಲ್ ಸಹಿ. ರೈಲ್ವೆಗೆ ಐಆರ್‌ಇಪಿಎಸ್ ಅಂತ ಇನ್ನೊಂದಿದೆ. ಹಾಗಾಗಿ ಜೆಮ್ ಒಂದಕ್ಕೆ ಸೇರಿದರೆ ಸರ್ಕಾರದ ಬಾಗಿಲೆಲ್ಲ ತೆರೆಯಿತು ಅಂದುಕೊಳ್ಳಬೇಡಿ.

ನೋಂದಣಿ ಸುಲಭ. ಆಧಾರ್, ಪ್ಯಾನ್, ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ಯಮಗಳ ನೋಂದಣಿ) ಸಂಖ್ಯೆ ಇದ್ರೆ ಏಜೆಂಟ್ ಬೇಕಿಲ್ಲ. ಸುಮ್ನೆ ದುಡ್ಡು ಕೊಟ್ಟು ಮಾಡಿಸಬೇಡಿ.

ತಲೆನೋವು ಶುರುವಾಗುವುದು ಕ್ಯಾಟಲಾಗ್‌ನಲ್ಲಿ. ಎಂಆರ್‌ಪಿಗಿಂತ ಕನಿಷ್ಠ 10% ಕಡಿಮೆ ತೋರಿಸಬೇಕು ಅಂತ ಇದೆ. ಪರಿಣಾಮ ಏನಂದ್ರೆ ಎಲ್ಲರ ಎಂಆರ್‌ಪಿಯೂ ಮೊದಲೇ ಉಬ್ಬಿರುತ್ತದೆ. ಬೆಲೆ ಹೋಲಿಸುವಾಗ ಮುಖ್ಯವಾಗುವ ಅಳತೆಗಳಿಗೆ ಅಲ್ಲಿ ಗೋಲ್ಡನ್ ಪ್ಯಾರಾಮೀಟರ್ ಅನ್ನುತ್ತಾರೆ. ರ‍್ಯಾಕ್ ವಿಷಯದಲ್ಲಿ ಆಟ ನಡೆಯುವುದೆಲ್ಲ ಶೀಟಿನ ದಪ್ಪದಲ್ಲಿ. ಪೌಡರ್ ಕೋಟಿಂಗ್ ಒಂದು ಬದಿಗೆ 60-80 ಮೈಕ್ರಾನ್ ಕೂರುತ್ತದೆ, ಅಂದರೆ ಎರಡೂ ಬದಿ ಸೇರಿ ಹತ್ತಿರ ಹತ್ತಿರ 0.14 ಮಿಮೀ. 0.7 ಮಿಮೀ ಶೀಟಿಗೆ ಬಣ್ಣ ಹೊಡೆದು ಸ್ಕ್ರೂ ಗೇಜ್ ಇಟ್ಟರೆ 0.8 ದಾಟಿ ತೋರಿಸುತ್ತದೆ! ಶೆಲ್ಫಿನ ಮೂಲೆಯಲ್ಲಿ ಸ್ವಲ್ಪ ಬಣ್ಣ ಕೆರೆದು ಅಳೆದರೆ ಸಾಕು, ನಿಜ ಗೊತ್ತಾಗುತ್ತದೆ. ಮಾಲು ಇಳಿಸಿಕೊಳ್ಳುವವರು ಎಷ್ಟು ಜನ ಕೆರೆದು ನೋಡುತ್ತಾರೆ ಹೇಳಿ? ಅಸಲಿ 0.8ರ ಶೀಟ್ ಹಾಕುವವನು ದರದಲ್ಲಿ ಸೋಲುತ್ತಾನೆ, ಅಷ್ಟೇ. ಇದು ಪೋರ್ಟಲ್ ತಪ್ಪಲ್ಲ ಅಂತ ವಾದಿಸಬಹುದು. ಆದ್ರೆ ದರವನ್ನು ಪೈಸೆ ಲೆಕ್ಕದಲ್ಲಿ ಹೋಲಿಸುವ ವ್ಯವಸ್ಥೆ ಗುಣಮಟ್ಟವನ್ನು ಮಾರಾಟಗಾರ ತುಂಬಿದ ಫಾರ್ಮ್ ನೋಡಿ ನಂಬಿದರೆ ಹೀಗೇ ಆಗುವುದು.

ದೊಡ್ಡ ಆರ್ಡರ್‌ಗೆ ಬಿಡ್, ಬಹಳ ಸಲ ಅದರ ಬೆನ್ನಿಗೇ ರಿವರ್ಸ್ ಆಕ್ಷನ್, ಅಂದರೆ ಮಾರುವವರೇ ಪೈಪೋಟಿಯಲ್ಲಿ ದರ ಇಳಿಸುತ್ತಾ ಹೋಗುವ ಹರಾಜು. ಎಲ್ಲರಿಗಿಂತ ಜಾಸ್ತಿ ದರ ಹಾಕಿದವನನ್ನು ಮೊದಲೇ ಹೊರಗೆ ಹಾಕುವ ನಿಯಮವೂ ಇದೆ. ಕೊನೆಯ ನಿಮಿಷಗಳಲ್ಲಿ ದರ ಜಾರುವುದನ್ನು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. ಕೂರುವ ಮುಂಚೆ ನಿಮ್ಮ ಕೆಳಮಟ್ಟದ ದರವನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದು ದಾಟಿದರೆ ಎದ್ದುಬಿಡಿ. ಸಣ್ಣ ತಯಾರಕರಿಗೆ ಒಂದು ಒಳ್ಳೆಯ ಅನುಕೂಲ ಇದೆ: ನಿಮ್ಮ ದರ ಎಲ್‌1, ಅಂದರೆ ಎಲ್ಲರಿಗಿಂತ ಕಡಿಮೆ ದರಕ್ಕಿಂತ 15% ಒಳಗೆ ಜಾಸ್ತಿಯಿದ್ದು, ಆ ಎಲ್‌1 ದರಕ್ಕೇ ಕೊಡಲು ಒಪ್ಪಿದರೆ ಕನಿಷ್ಠ 25% ಭಾಗ ನಿಮಗೆ ಬರಬಹುದು. ಬಿಡ್ ಹಾಕಲು ಇಡುವ ಠೇವಣಿ, ಇಎಂಡಿಯೂ ಕಟ್ಟಬೇಕಿಲ್ಲ. ಬೇರೆಯವರ ಮಾಲು ತಂದು ಮಾರುವ ಟ್ರೇಡರ್‌ಗೆ ಇದ್ಯಾವುದೂ ಇಲ್ಲ. ಬಿಡ್‌ನಲ್ಲಿ ಕೊಳ್ಳುವವರು ಸೇರಿಸುವ ಹೆಚ್ಚುವರಿ ಷರತ್ತುಗಳನ್ನು ಮಾತ್ರ ಕೊನೆಯ ಸಾಲಿನ ತನಕ ಓದಿ. ಕೆಲವೊಮ್ಮೆ ಅದು ಒಬ್ಬನ ಅಳತೆಗೇ ಹೊಲಿಸಿದ ಅಂಗಿ.

ಈಗ ದುಡ್ಡಿನ ವಿಷಯ. ನಿಯಮ ಚೆನ್ನಾಗೇ ಇದೆ. ಮಾಲು ತಲುಪಿದ ಮೇಲೆ ಕನ್ಸೈನಿ, ಅಂದರೆ ಆ ಕಚೇರಿಯಲ್ಲಿ ಮಾಲು ಪಡೆದುಕೊಳ್ಳುವವರು, ರಸೀದಿ ಕೊಡಬೇಕು, 10 ದಿನದೊಳಗೆ ಪರೀಕ್ಷಿಸಿ ಸಿಆರ್‌ಎಸಿ, ಅಂದರೆ ಒಪ್ಪಿಗೆ ಪತ್ರ ಹಾಕಬೇಕು, ಅದಾಗಿ 10 ದಿನದಲ್ಲಿ ಹಣ. ಕಾಗದದ ಮೇಲೆ ಇದಕ್ಕಿಂತ ಇನ್ನೇನು ಬೇಕು? ಆದ್ರೆ ಗಡಿಯಾರ ಓಡುವುದು ಆ ಕಡೆಯವರು ಬಟನ್ ಒತ್ತಿದರೆ ಮಾತ್ರ. ಒಂದು ಕಚೇರಿಗೆ ನಾವು ರ‍್ಯಾಕ್ ಇಳಿಸಿ, ಜೋಡಿಸಿ, ಚಲನ್ ಮೇಲೆ ಸೀಲ್ ಹಾಕಿಸಿಕೊಂಡು ಬಂದೆವು. ಆಮೇಲೆ ನೋಡಿದರೆ ಕನ್ಸೈನಿ ಆಗಿದ್ದವರಿಗೆ ವರ್ಗ ಆಗಿದೆ. ಲಾಗಿನ್ ಇನ್ನೂ ಅವರ ಹೆಸರಲ್ಲೇ ಇದೆ, ಹೊಸಬರಿಗೆ ಖಾತೆ ತೆರೆದುಕೊಡಬೇಕಾದ ಮೇಲಧಿಕಾರಿ ರಜೆಯಲ್ಲಿ. ನಮ್ಮ ರ‍್ಯಾಕ್ ಮೇಲೆ ಅವರ ಫೈಲುಗಳು ಕೂತಿವೆ, ಪೋರ್ಟಲ್‌ನಲ್ಲಿ ಮಾಲು ಬಂದೇ ಇಲ್ಲ! ಮಾಲು ಕೊಡುವುದು ನಾವು ತಡ ಮಾಡಿದರೆ ವಾರಕ್ಕೆ ಅರ್ಧ ಪರ್ಸೆಂಟ್‌ನಂತೆ 10% ತನಕ ಕತ್ತರಿ ಬೀಳುತ್ತದೆ. ಆ ಕಡೆ ತಡವಾದರೆ ನಾವು ಫೋನ್ ಮಾಡುತ್ತಾ ಕೂರಬೇಕು, ಅಲ್ವಾ?

ಖಾಸಗಿಯವರು ಇದಕ್ಕಿಂತ ಮೇಲಾ ಅಂದ್ರೆ, ಒಂದು ವಿಷಯದಲ್ಲಿ ಹೌದು. ದೊಡ್ಡ ಕಂಪನಿಯ ಸ್ಟೋರ್‌ನಲ್ಲಿ ಮಾಲು ಇಳಿದ ಕೂಡಲೇ ಜಿಆರ್‌ಎನ್, ಅಂದರೆ ಮಾಲು ಬಂದ ರಸೀದಿ ಆಗುತ್ತದೆ, ಯಾರ ರಜೆಗೂ ಕಾಯುವುದಿಲ್ಲ. ಆದ್ರೆ ಅಲ್ಲಿ 90 ದಿನದ ಕ್ರೆಡಿಟ್ ಮಾಮೂಲಿಯಾಗಿತ್ತು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಹಣ ಕೊಡಲು 45 ದಿನದ ಮಿತಿ ಮೊದಲಿಂದಲೂ ಇದ್ದರೂ ಕೇಳುವವರು ಯಾರು? 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್ ಬಂತು. ಸಣ್ಣ ಘಟಕಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ ಆ ವರ್ಷದ ಖರ್ಚಿನಲ್ಲಿ ಅದನ್ನು ತೋರಿಸುವ ಹಾಗಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಆಗ ಕೆಲವು ಅಕೌಂಟ್ಸ್ ವಿಭಾಗಗಳಿಗೆ ಎಚ್ಚರವಾಯಿತು. ಇನ್ನು ಕೆಲವರು ಈ ನಿಯಮದಿಂದ ತಪ್ಪಿಸಿಕೊಳ್ಳಲು "ನಿಮ್ಮ ಉದ್ಯಮ್ ನೋಂದಣಿ ಬೇಕೇಬೇಕಾ?" ಅಂತ ಮೆಲ್ಲಗೆ ಕೇಳಲು ಶುರು ಮಾಡಿದರು. ಯಾರು ಕೇಳಿದರೂ ಅದನ್ನು ರದ್ದು ಮಾಡಿಸಬೇಡಿ. ಜೆಮ್‌ನಲ್ಲಿ ನಿಮಗಿರುವ ಅನುಕೂಲಗಳೆಲ್ಲ ಅದರ ಮೇಲೇ ನಿಂತಿವೆ.

ಶುಲ್ಕದ ಬಗ್ಗೆ ದೂರಿಲ್ಲ. 2024ರ ಆಗಸ್ಟ್‌ನಲ್ಲಿ ಇಳಿಸಿದರು: 10 ಲಕ್ಷದ ತನಕದ ಆರ್ಡರ್‌ಗೆ ಏನೂ ಇಲ್ಲ, ಅದರ ಮೇಲೆ 10 ಕೋಟಿ ತನಕ 0.30%. ನಮ್ಮ ಆರ್ಡರ್‌ಗಳೆಲ್ಲ ಸೊನ್ನೆಯಲ್ಲೇ ಮುಗಿಯುತ್ತವೆ.

ಸಾಗಣೆ ನೀವು ಹಾಕುವ ದರದಲ್ಲೇ ಸೇರಿರುತ್ತದೆ, ಇದನ್ನು ಹೊಸಬರು ಮರೆಯುತ್ತಾರೆ. ಎಲ್ಲಿಗೆ ಕಳಿಸುತ್ತೀರಿ ಅನ್ನುವುದನ್ನು ನೀವೇ ಆರಿಸಿಕೊಳ್ಳಬಹುದು, ಇಡೀ ದೇಶ ಟಿಕ್ ಮಾಡಬೇಡಿ. ನಾವು ಕರ್ನಾಟಕ, ಗೋವಾ ಎರಡೇ ಇಟ್ಟಿದ್ದೇವೆ. ಬಿಚ್ಚಿ ಕಟ್ಟಿ ಕಳಿಸಬಹುದಾದ ರ‍್ಯಾಕ್ ಮಾತ್ರ ಲಿಸ್ಟ್‌ನಲ್ಲಿದೆ. ಬೀರು ತೆಗೆದುಬಿಟ್ಟೆವು. ಲಾರಿಯಲ್ಲಿ ಬಾಗಿಲಿಗೊಂದು ಡೆಂಟ್ ಬಿದ್ದರೂ ಆ ಆರ್ಡರ್‌ನ ಲಾಭ ಹೋಗುತ್ತದೆ.