ಶಾಲೆಗೆ ಕರೆಂಟ್ ಕೊಡಿಸುವ ಬ್ರೋಕರ್: ಡಲ್ಲಾಸ್‌ನಲ್ಲಿ ನಮ್ಮ ಮೂರು ವರ್ಷ

ಡಲ್ಲಾಸ್ ಹತ್ತಿರದ ಒಂದು ಸಣ್ಣ ಖಾಸಗಿ ಶಾಲೆಯ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಸಂಬಳ ಇಲ್ಲ, ಮಗಳು ಅಲ್ಲಿ ಓದುತ್ತಾಳೆ ಅಂತ ಒಪ್ಪಿಕೊಂಡಿದ್ದು. ಶಾಲೆಗೆ ಕರೆಂಟ್ ಕೊಡಿಸುವ ಬ್ರೋಕರ್ ಒಬ್ಬರ ಜೊತೆ ಮೂರು ವರ್ಷ ವ್ಯವಹಾರ ಮಾಡಿದ್ದೇವೆ, ಹೆಸರು ಹಾಕುವುದಿಲ್ಲ. ಐದಕ್ಕೆ ಮೂರು ಸ್ಟಾರ್. ಇಲ್ಲಿ ಡೇಕೇರ್, ಮಾಂಟೆಸೊರಿ ನಡೆಸುವ ಕನ್ನಡದವರಿಗೆ ಉಪಯೋಗ ಆಗಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಬೆಂಗಳೂರಲ್ಲಿ ಬೆಸ್ಕಾಂ ಬಿಲ್ ಬಂದರೆ ಕಟ್ಟಿದರಾಯಿತು. ಟೆಕ್ಸಾಸ್‌ನಲ್ಲಿ ಆಸ್ಟಿನ್, ಸ್ಯಾನ್ ಆಂಟೋನಿಯೊ ಥರದ ಊರುಗಳನ್ನು ಬಿಟ್ಟರೆ ಬಹುಪಾಲು ಕಡೆ 2002ರಿಂದ ಹಾಗಿಲ್ಲ. ನಮ್ಮ ಕಡೆ ಕಂಬ, ತಂತಿ, ಮೀಟರ್ ಎಲ್ಲ ಆನ್‌ಕೋರ್ ಅನ್ನುವ ಕಂಪನಿಯದು, ಆದರೆ ಕರೆಂಟ್ ಮಾರುವುದು ಹತ್ತಾರು ಬೇರೆ ಕಂಪನಿಗಳು. ಮನೆಗಾದರೆ ಸರ್ಕಾರದ ಪವರ್ ಟು ಚೂಸ್ ಸೈಟಲ್ಲಿ ದರ ನೋಡಿ ಆರಿಸಬಹುದು. ಶಾಲೆಗೆ ಹಾಗಲ್ಲ, ನಮ್ಮ ಬಳಕೆ ನೋಡಿ ಒಬ್ಬೊಬ್ಬರೂ ಒಂದೊಂದು ಕೊಟೇಶನ್ ಕೊಡುತ್ತಾರೆ. ಅದಕ್ಕೇ ಬ್ರೋಕರ್ ಹಿಡಿದಿದ್ದು.

ಮೊದಲು ಒಳ್ಳೆಯದು. ನಮ್ಮ ಹಳೇ ಪ್ಲಾನ್ ಮಾರ್ಕೆಟ್ ದರದ ಜೊತೆ ಏರಿ ಇಳಿಯುವಂಥದ್ದು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಸಗಟು ದರ ಯೂನಿಟ್‌ಗೆ 9 ಡಾಲರ್ ಮುಟ್ಟಿ ದಿನಗಟ್ಟಲೆ ಅಲ್ಲೇ ನಿಂತಿತ್ತು, ಶಾಲೆ ಮುಚ್ಚಿದ್ದರೂ ಪೈಪ್ ಒಡೆಯದಿರಲಿ ಅಂತ ಹೀಟರ್ ಹಾಕಿಟ್ಟಿದ್ದೆವು, ಆ ಬಿಲ್ ನೋಡಿ ನಾವೆಲ್ಲ ನಡುಗಿಹೋಗಿದ್ದೆವು. ಈ ಬ್ರೋಕರ್ ಬಂದ ಮೇಲೆ 36 ತಿಂಗಳ ಫಿಕ್ಸೆಡ್ ದರ ಮಾಡಿಸಿದರು. ಇನ್ನೊಂದು, ನಮ್ಮದು ಲಾಭಕ್ಕಲ್ಲದ ಸಂಸ್ಥೆ, ಆದರೂ ಸುಮ್ನೆ ಸೇಲ್ಸ್ ಟ್ಯಾಕ್ಸ್ ಕಟ್ಟುತ್ತಿದ್ದೆವು. ಅದನ್ನು ಅವರೇ ಕಂಡುಹಿಡಿದು ವಿನಾಯಿತಿ ಅರ್ಜಿ ತುಂಬಿಸಿದರು. ಇದಕ್ಕೆ ನಿಜವಾಗಿ ಥ್ಯಾಂಕ್ಸ್ ಹೇಳಬೇಕು.

ಬೇಜಾರಾಗಿದ್ದು ಕಮಿಷನ್ ವಿಷಯ. "ನಿಮಗೆ ಖರ್ಚಿಲ್ಲ" ಅಂದಿದ್ದರು. ಆಮೇಲೆ ನೋಡಿದರೆ ಯೂನಿಟ್ ದರದ ಒಳಗೇ ಅರ್ಧ ಸೆಂಟ್ ಅವರದ್ದು. ಸಣ್ಣದು ಅನ್ನಿಸುತ್ತೆ ಅಲ್ವಾ? ವರ್ಷಕ್ಕೆ 3,20,000 ಯೂನಿಟ್ ಬಳಸುವ ಶಾಲೆಗೆ ಅದು 1,600 ಡಾಲರ್, ಮೂರು ವರ್ಷಕ್ಕೆ 4,800. ಕೆಲಸ ಮಾಡಿದ್ದಾರೆ, ದುಡ್ಡು ತಗೊಳ್ಳಲಿ, ಆದರೆ ಮೊದಲೇ ಹೇಳಬೇಕಿತ್ತು. ನೀವು ಸಹಿ ಹಾಕುವ ಮುಂಚೆ ಅದನ್ನು ಬರವಣಿಗೆಯಲ್ಲಿ ಕೇಳಿ. ಬ್ರೋಕರ್ ಹೆಸರು ಕರೆಂಟ್ ವ್ಯವಹಾರ ನೋಡಿಕೊಳ್ಳುವ ರಾಜ್ಯದ ಪಬ್ಲಿಕ್ ಯುಟಿಲಿಟಿ ಕಮಿಷನ್‌ನಲ್ಲಿ ನೋಂದಣಿ ಆಗಿದೆಯಾ ಅಂತಲೂ ನೋಡಿ.

ಅದಕ್ಕಿಂತ ದೊಡ್ಡ ವಿಷಯ ಡಿಮ್ಯಾಂಡ್ ಚಾರ್ಜ್, ಅಂದರೆ ಒಟ್ಟು ಎಷ್ಟು ಬಳಸಿದಿರಿ ಅನ್ನುವುದಕ್ಕಲ್ಲ, ಒಮ್ಮೆಗೆ ಎಷ್ಟು ಎಳೆದಿರಿ ಅನ್ನುವುದಕ್ಕೆ ಹಾಕುವ ದುಡ್ಡು. ಇದರ ಬಗ್ಗೆ ಮೂರು ವರ್ಷದಲ್ಲಿ ಒಂದು ಮಾತೂ ಬರಲಿಲ್ಲ. ನಮ್ಮ ಬಿಲ್ಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತಂತಿಯವರ, ಅಂದರೆ ಆನ್‌ಕೋರ್‌ನ ಪಾಲು, ಅದು ಕರೆಂಟ್ ಮಾರುವ ಯಾವ ಕಂಪನಿಗೆ ಹೋದರೂ ಬದಲಾಗುವುದಿಲ್ಲ. ತಿಂಗಳಲ್ಲಿ ಯಾವ 15 ನಿಮಿಷ ಅತಿ ಹೆಚ್ಚು ಎಳೆದಿರಿ ಅನ್ನುವುದರ ಮೇಲೆ ಅದರ ಲೆಕ್ಕ. ಮೇಲಾಗಿ ಹಿಂದಿನ 11 ತಿಂಗಳ ಗರಿಷ್ಠದ 80% ಆದರೂ ಪ್ರತಿ ತಿಂಗಳೂ ಹಾಕುತ್ತಾರೆ. ಸ್ಮಾರ್ಟ್ ಮೀಟರ್ ಟೆಕ್ಸಾಸ್ ಸೈಟಲ್ಲಿ 15 ನಿಮಿಷದ ಲೆಕ್ಕ ಬಿಟ್ಟಿ ಸಿಗುತ್ತೆ, ಇಳಿಸಿಕೊಂಡು ನೋಡಿದೆ. ಆಗಸ್ಟ್‌ನ ಒಂದು ಸೋಮವಾರ, ಬೇಸಿಗೆ ರಜೆ ಮುಗಿದ ದಿನ, ಎಲ್ಲ ಏಸಿ ಒಟ್ಟಿಗೆ, ಅಡುಗೆಮನೆ ಓವನ್ ಕೂಡ: 140 ಕಿಲೋವ್ಯಾಟ್. ಡಿಸೆಂಬರಲ್ಲಿ ನಾವು 60 ಮುಟ್ಟುವುದಿಲ್ಲ, ಆದರೂ 112ಕ್ಕೆ ದುಡ್ಡು ಕಟ್ಟಿದ್ದೇವೆ. ಒಂದು ಬೆಳಗಿನ ಕಾಲು ಗಂಟೆಗೆ!

ಲೋಡ್ ಫ್ಯಾಕ್ಟರ್ (ಸರಾಸರಿ ಬಳಕೆ ಗರಿಷ್ಠದ ಶೇಕಡಾ ಎಷ್ಟು ಅನ್ನುವ ಲೆಕ್ಕ) 25% ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ಈ 80%ರ ನಿಯಮ ಇಲ್ಲ. ನಮ್ಮದು 26. ಖಾಲಿ ಕಟ್ಟಡಕ್ಕೆ ರಾತ್ರಿಯಿಡೀ ಏಸಿ ಓಡದೇ ಇದ್ದಿದ್ದರೆ ಆ ಒಂದು ಅಂಕ ಇಳಿಯುತ್ತಿತ್ತು, ಯಾರಾದರೂ ಹೇಳಿದ್ದರೆ ಆಗಲೇ ಮಾಡುತ್ತಿದ್ದೆವು.

ಈಗ ಟೈಮರ್ ಹಾಕಿಸಿದ್ದೇವೆ. ಏಸಿಗಳು ಬೆಳಗ್ಗೆ ಐದರಿಂದ ಒಂದಾದ ಮೇಲೆ ಒಂದು ಶುರುವಾಗುತ್ತವೆ, ಓವನ್ ಕೊನೆಗೆ. ಕಾಂಟ್ರಾಕ್ಟ್ ಮುಂದಿನ ಮೇ ತಿಂಗಳಲ್ಲಿ ಮುಗಿಯುತ್ತದೆ, ಕೊಟೇಶನ್ ಈ ಚಳಿಗಾಲದಲ್ಲೇ ಕೇಳುತ್ತೇವೆ. ಈ ಬ್ರೋಕರ್‌ಗೂ ಅವಕಾಶ ಕೊಡುತ್ತೇವೆ, ಜೊತೆಗೆ ಇನ್ನಿಬ್ಬರಿಗೆ. ಮೂವರಿಗೂ ಆ ಸೋಮವಾರದ ಗ್ರಾಫ್ ಮೊದಲು ಕಳಿಸುತ್ತೇನೆ.