ಡ್ರೆಡ್‌ಲಾಕ್ಸ್ ನಿರ್ವಹಣೆ: ಕದ್ರಿ ಬಳಿಯ ಒಂದು ಸಲೂನು

ಮಂಗಳೂರಿನ ಕದ್ರಿ ಬಳಿಯ ಈ ಸಣ್ಣ ಸಲೂನಿನಲ್ಲಿ ಡ್ರೆಡ್‌ಲಾಕ್ಸ್ (ಕೂದಲು ಹೆಣೆದುಕೊಂಡು ಹಗ್ಗದಂತಾದ ಜಡೆಗಳ) ನಿರ್ವಹಣೆಯನ್ನು ಅವಸರವಿಲ್ಲದೆ, ತಿಳಿವಳಿಕೆಯಿಂದ ಮಾಡುತ್ತಾರೆ. ಬುಡದಲ್ಲಿ ಹೊಸದಾಗಿ ಬೆಳೆದ ಸಡಿಲ ಕೂದಲನ್ನು ತೆಳುವಾದ ಕ್ರೋಶೆ ಸೂಜಿಯಿಂದ ಎಳೆಎಳೆಯಾಗಿ ಒಳಗೆ ಸೇರಿಸುವಾಗ, ನೆತ್ತಿ ಬಿಗಿದು ನೋಯುತ್ತಿದೆಯೇ ಎಂದು ನಡುನಡುವೆ ವಿಚಾರಿಸುತ್ತಾರೆ. ಪದೇ ಪದೇ ಬಿಗಿಯಾಗಿ ತಿರುಚಿದರೆ ಬುಡ ಸವೆದು, ಬಲಿತು ಭಾರವಾದ ಜಡೆಯೇ ಕಳಚಿ ಬೀಳುವ ಅಪಾಯವಿರುವುದರಿಂದ ಈ ಎಚ್ಚರ ಅಗತ್ಯವೇ ಸರಿ. 4ರಿಂದ 6 ವಾರಕ್ಕೊಮ್ಮೆ ಬಂದರೆ ಸಾಕೆಂದು ಅವರೇ ಹೇಳುತ್ತಾರೆ. ಮೇಣವನ್ನಂತೂ ಮುಟ್ಟುವುದಿಲ್ಲ, ಏಕೆಂದರೆ ಜಡೆಯೊಳಗೆ ಸೇರಿದ ಮೇಣ ಎಷ್ಟು ತೊಳೆದರೂ ಸುಲಭವಾಗಿ ಹೋಗದು. (ಮನೆಯಲ್ಲಿ ತೆಂಗಿನೆಣ್ಣೆ ಹಿಡಿದು ಕಾಯುವ ಅಜ್ಜಿಯರನ್ನು ತಡೆಯುವ ಉಪಾಯ ಮಾತ್ರ ಇವರ ಬಳಿಯೂ ಇಲ್ಲ.)

ಕೊರತೆ ಇರುವುದು ಒಣಗಿಸುವುದರಲ್ಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ, ಹೊರಗೆ ಒಣಗಿದಂತೆ ಕಾಣುವ ಜಡೆಯ ಒಳಭಾಗ ಗಂಟೆಗಟ್ಟಲೆ ತೇವವಾಗಿಯೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ, ಬೂಷ್ಟೂ ಬರಬಹುದು. ಇಲ್ಲಿಯಾದರೋ ಟವೆಲಿನಿಂದ ಹಿಂಡಿ, ಸ್ವಲ್ಪ ಹೊತ್ತು ಡ್ರೈಯರ್ ಹಿಡಿದು ಕಳುಹಿಸಿಬಿಡುತ್ತಾರೆ. ಮಳೆಗಾಲದಲ್ಲಿ ಹೋಗುವವರು ಬೆಳಗ್ಗಿನ ಸಮಯವನ್ನೇ ಕೇಳಿ ಪಡೆದು, ಪೂರ್ತಿ ಒಣಗಿಸುವಂತೆ ಪಟ್ಟು ಹಿಡಿಯುವುದು ಒಳ್ಳೆಯದು. ದರ ಸ್ವಲ್ಪ ಹೆಚ್ಚೇ. ಭಾನುವಾರ ಮುಂಚಿತವಾಗಿ ಫೋನ್ ಮಾಡದೆ ಹೋದರೆ ಜಾಗ ಸಿಗುವುದು ಕಷ್ಟ.