ಹಲ್ಲಿನ ಇಂಜೆಕ್ಷನ್ ಕೊಡುವ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ಬಾಯಿ ತೆರೆದು ಮಲಗಿದವರಿಗೆ ‘ನೋವಾಯಿತು’ ಅಂತ ಹೇಳಲು ಬಾಯಿ ಇರುವುದಿಲ್ಲ. ಅದಕ್ಕೇ ನಾನು ಇಂಜೆಕ್ಷನ್ ಕೊಡುವಾಗ ಕಣ್ಣಂಚಿನಲ್ಲಿ ಅವರ ಕಾಲಿನ ಬೆರಳು ನೋಡುತ್ತಿರುತ್ತೇನೆ. ಬೆರಳು ಮಡಚಿಕೊಂಡರೆ ನೋವಾಗಿದೆ ಅಂತಲೇ ಅರ್ಥ. 22 ವರ್ಷದಿಂದ ಹಲ್ಲಿನ ಡಾಕ್ಟರ್ ಆಗಿದ್ದೇನೆ. ಅಂಗುಳಿಗೆ ಚುಚ್ಚುವಾಗ ಬೆರಳು ಮಡಚದೆ ಇದ್ದವರನ್ನು ನೋಡಿದ್ದು ತೀರಾ ಕಡಿಮೆ. ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಯಂತ್ರ ತಂದದ್ದು ಅದೊಂದೇ ಕಾರಣಕ್ಕೆ.

ಜನ ಹೆದರುವುದು ಸೂಜಿಗೆ. ಆದರೆ ಜಾಸ್ತಿ ನೋವು ಕೊಡುವುದು ಸೂಜಿಯಲ್ಲ. ವಸಡಿಗೆ ಮೊದಲು ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಟ್ಟರೆ ಚುಚ್ಚಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಆಮೇಲೆ ಮರಗಟ್ಟಿಸುವ ಮದ್ದು ಒಳಗೆ ನುಗ್ಗುತ್ತದಲ್ಲ, ಆ ಒತ್ತಡ ನೋಯಿಸುತ್ತದೆ. ಅಂಗುಳಿನ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಮದ್ದಿಗೆ ಜಾಗವೇ ಇಲ್ಲ. ಅಲ್ಲಿ ಕೈ ಸಿರಿಂಜ್ ಹಿಡಿದು ಹೆಬ್ಬೆರಳಲ್ಲಿ ಒತ್ತಿದರೆ ಎಷ್ಟು ನಿಧಾನ ಮಾಡಿದರೂ ಸಾಲದು. 1.8 ಮಿಲಿಯ ಕಾರ್ಟ್ರಿಜ್, ಅಂದರೆ ಮದ್ದು ತುಂಬಿದ ಗಾಜಿನ ಕೊಳವೆ, ಖಾಲಿ ಮಾಡಲು ಕಡಿಮೆ ಅಂದರೂ ಒಂದು ನಿಮಿಷ ತಗೊಳ್ಳಬೇಕು ಅಂತ ನಮಗೆಲ್ಲ ಕಲಿಸಿದ್ದಾರೆ. ಹೊರಗೆ ಆರು ಜನ ಕಾಯುತ್ತಿರುವಾಗ ಹೆಬ್ಬೆರಳು ಆ ಮಾತು ಕೇಳುವುದಿಲ್ಲ. ನನ್ನದೂ ಕೇಳುತ್ತಿರಲಿಲ್ಲ.

ಯಂತ್ರ ಕೇಳುತ್ತದೆ. ಈ ಬಗೆಯ ಯಂತ್ರಗಳಲ್ಲಿ ಮೊದಲು ಬಂದದ್ದು 1997ರಲ್ಲಿ, ‘ದಿ ವಾಂಡ್’ ಅನ್ನುವ ಹೆಸರಿನಲ್ಲಿ. ನನ್ನ ಹತ್ತಿರ ಇರುವುದು ಬೇರೆ ಕಂಪನಿಯದು, ಕೆಲಸ ಮಾಡುವ ರೀತಿ ಒಂದೇ. ಚಿಕ್ಕ ಪೆಟ್ಟಿಗೆ, ಅದರ ಮೇಲೆ ಕಾರ್ಟ್ರಿಜ್, ಅಲ್ಲಿಂದ ಸಣ್ಣ ಟ್ಯೂಬ್, ತುದಿಯಲ್ಲಿ ಪೆನ್ನಿನ ಹಾಗೆ ಹಿಡಿಯುವ ಹಗುರ ಹಿಡಿ. ಕಾಲಲ್ಲಿ ಪೆಡಲ್ ಒತ್ತಿದರೆ ನಿಧಾನದ ವೇಗದಲ್ಲಿ ಎರಡು ಸೆಕೆಂಡಿಗೆ ಒಂದು ಹನಿ ಇಳಿಯುತ್ತದೆ. ಸೂಜಿ ಮುಂದೆ ಹೋಗುವಾಗಲೂ ಹನಿ ಬೀಳುತ್ತಲೇ ಇರುತ್ತದೆ. ಅಂದರೆ ಸೂಜಿ ಹೋಗುವ ದಾರಿಯನ್ನು ಮದ್ದು ಮೊದಲೇ ಮರಗಟ್ಟಿಸಿರುತ್ತದೆ.

ಪೆನ್ನಿನ ಹಿಡಿತದಿಂದ ಇನ್ನೊಂದು ಅನುಕೂಲ ಇದೆ. ಬೆರಳುಗಳ ನಡುವೆ ಹಿಡಿಯನ್ನು ಆಚೆ ಈಚೆ ತಿರುಗಿಸುತ್ತಾ ಸೂಜಿಯನ್ನು ಒಳಗೆ ಬಿಡಬಹುದು. ಸೂಜಿಯ ತುದಿ ಓರೆಯಾಗಿ ಕತ್ತರಿಸಿರುತ್ತದಲ್ವಾ, ಹಾಗಾಗಿ ನೇರ ನೂಕಿದರೆ ಅದು ಒಂದು ಕಡೆಗೆ ಬಾಗುತ್ತದೆ. 30 ಗೇಜಿನ ಸಪೂರ ಸೂಜಿಯಂತೂ ಚೆನ್ನಾಗೇ ಬಾಗುತ್ತದೆ. ತಿರುಗಿಸುತ್ತಾ ಬಿಟ್ಟರೆ ನೇರ ಹೋಗುತ್ತದೆ. ಕೆಳದವಡೆಯ ನರದ ಹತ್ತಿರಕ್ಕೆ ಆಳವಾಗಿ ಹೋಗಬೇಕಾದಾಗ ಇದು ದೊಡ್ಡ ಸಹಾಯ.

ತಂದ ಹೊಸತರಲ್ಲಿ ಒಬ್ಬ ನಿವೃತ್ತ ಟೀಚರ್ ಬಂದಿದ್ದರು. ಇಂಜೆಕ್ಷನ್ನಿನ ಭಯಕ್ಕೆ ಎಂಟು ವರ್ಷ ಹಲ್ಲು ತೋರಿಸಿರಲಿಲ್ಲ. ಮೇಲಿನ ದವಡೆ ಹಲ್ಲು ತೆಗೆಯಬೇಕಿತ್ತು, ಅಂಗುಳಿಗೆ ಚುಚ್ಚದೆ ಆಗುವ ಕೆಲಸವಲ್ಲ. ಜೆಲ್ ಹಚ್ಚಿದೆ. ಸೂಜಿಯ ಓರೆ ತುದಿಯನ್ನು ಚರ್ಮಕ್ಕೆ ಮಟ್ಟಸವಾಗಿ ಇಟ್ಟು, ಚುಚ್ಚದೆ, ಪೆಡಲ್ ಒತ್ತಿ ಹಿಡಿದೆ. ಹನಿ ಇಳಿದ ಹಾಗೆ ಗುಲಾಬಿ ಚರ್ಮ ಅಲ್ಲೇ ಸ್ವಲ್ಪ ಬಿಳುಚಿತು. ಆಮೇಲೆ ಒಂದು ಮಿಲಿಮೀಟರ್ ಒಳಗೆ. ಬಿಳುಪು ನಿಧಾನಕ್ಕೆ ನಾಣ್ಯದಗಲ ಆಯಿತು. ಅವರ ಕಾಲಿನ ಬೆರಳುಗಳು ಕುರ್ಚಿಗೆ ಬಂದು ಕೂತಾಗಿನಿಂದ ಮಡಚಿಕೊಂಡೇ ಇದ್ದವು. ಮೂರನೇ ನಿಮಿಷಕ್ಕೆ ಒಂದೊಂದಾಗಿ ಬಿಚ್ಚಿಕೊಂಡವು. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಎಷ್ಟು ಜನರನ್ನು ಸುಮ್ಮನೆ ನೋಯಿಸಿದೆನಲ್ಲ ಅನ್ನಿಸಿತು.

ತೊಂದರೆಗಳೂ ಇವೆ. ನಿಧಾನದ ವೇಗದಲ್ಲಿ ಪೂರ್ತಿ ಕಾರ್ಟ್ರಿಜ್ ಹೋಗಲು ಆರು ನಿಮಿಷದ ಹತ್ತಿರ ಬೇಕು. ಟ್ಯೂಬಿನಲ್ಲಿ ಒಂದಿಷ್ಟು ಮದ್ದು ಉಳಿದುಹೋಗುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಟ್ಯೂಬ್ ಮತ್ತು ಹಿಡಿಯನ್ನು ಒಬ್ಬರಿಗೆ ಬಳಸಿದರೆ ಎಸೆಯಲೇಬೇಕು, ಹಾಗಾಗಿ ಖರ್ಚು ನಿಲ್ಲುವುದಿಲ್ಲ. ಎರಡನೇ ವರ್ಷ ನನ್ನ ಪೆಡಲಿನ ವೈರ್ ಒಳಗೇ ತುಂಡಾಯಿತು, ಅದೂ ಅರ್ಧ ಮದ್ದು ಹೋದಾಗ. ಕಂಪನಿಯವರು ಹೊಸ ಪೆಡಲ್ ಕಳಿಸಲು ಮೂರು ವಾರ ತಗೊಂಡರು. ಈ ಯಂತ್ರ ಇಟ್ಟುಕೊಂಡವರು ಹಳೆಯ ಸ್ಟೀಲ್ ಸಿರಿಂಜನ್ನು ಪ್ರತಿ ಸಲವೂ ಟ್ರೇನಲ್ಲಿ ಸಿದ್ಧ ಇಡಿ.

ಪೆಡಲಿನಿಂದ ಕಾಲು ತೆಗೆದರೆ ಯಂತ್ರ ತಾನೇ ಮದ್ದನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತದೆ. ಸೂಜಿ ರಕ್ತನಾಳಕ್ಕೆ ಸಿಕ್ಕಿದ್ದರೆ ಹಿಡಿಯೊಳಗೆ ಕೆಂಪು ಕಾಣಬೇಕು. ಆದರೆ ಕಾಣುವ ಜಾಗ ತುಂಬಾ ಸಣ್ಣದು. ದೀಪವನ್ನು ಸರಿಯಾಗಿ ತಿರುಗಿಸಿಕೊಳ್ಳದಿದ್ದರೆ ತಪ್ಪಿಹೋಗುತ್ತದೆ. ತಯಾರಕರು ಇದನ್ನು ಸರಿಮಾಡಲೇಬೇಕು.

ಇದರ ಜೊತೆಗೆ ತಂದ ಇನ್ನೊಂದು ಸಾಧನ ಮದ್ದಿನ ಹುಳಿ ತೆಗೆಯುವಂಥದ್ದು. ನಾವು ಕೊಡುವ ಮರಗಟ್ಟಿಸುವ ಮದ್ದು ಲಿಡೊಕೇನ್, ಅದರ ಜೊತೆ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಇರುತ್ತದೆ. ಅಡ್ರಿನಲಿನ್ ಕೆಡದಿರಲಿ ಅಂತ ಕಾರ್ಟ್ರಿಜ್ಜಿನ ಮದ್ದನ್ನು ಹುಳಿಯಾಗಿಯೇ ಇಡುತ್ತಾರೆ, ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) ಸುಮಾರು 3.5. ನಮ್ಮ ಮೈಯದು 7.4. ಒಳಗೆ ಹೋದಾಗ ಉರಿಯುವುದು ಇದರಿಂದಲೂ ಹೌದು. ಮೈ ಆ ಹುಳಿಯನ್ನು ತಾನಾಗಿ ಕಡಿಮೆ ಮಾಡಿಕೊಳ್ಳುವವರೆಗೆ ಮದ್ದು ನರದೊಳಗೆ ಸರಿಯಾಗಿ ಇಳಿಯುವುದೂ ಇಲ್ಲ. ಈ ಸಾಧನ 8.4% ಸೋಡಿಯಂ ಬೈಕಾರ್ಬೊನೇಟನ್ನು, ಅಂದರೆ ನಮ್ಮ ಅಡುಗೆ ಸೋಡಾವನ್ನೇ, ಅಳತೆ ಮಾಡಿ ಕಾರ್ಟ್ರಿಜ್ಜಿಗೆ ಸೇರಿಸುತ್ತದೆ. 0.18 ಮಿಲಿ ಒಳಗೆ ಹೋದರೆ ಅಷ್ಟೇ ಮದ್ದು ಹೊರಗೆ ಬರುತ್ತದೆ. ಗಾಜಿನೊಳಗೆ ಸಣ್ಣ ಗುಳ್ಳೆ ಕಾಣುತ್ತದೆ. ಬೆರೆಸಿದ ತಕ್ಷಣ ಕೊಡಬೇಕು, ಬೆಳಿಗ್ಗೆಯೇ ಬೆರೆಸಿಟ್ಟುಕೊಳ್ಳುವ ಹಾಗಿಲ್ಲ. ಲಿಡೊಕೇನ್‌ಗೆ ಹೊಂದಿದ ಅಳತೆಯನ್ನೇ ಇನ್ನೊಂದು ಮರಗಟ್ಟಿಸುವ ಮದ್ದಾದ ಬುಪಿವಕೇನ್‌ಗೆ ಬಳಸಬೇಡಿ, ಅದು ಒಡೆದು ಗಸಿ ಕಟ್ಟುತ್ತದೆ. ನನ್ನ ಅನುಭವದಲ್ಲಿ ಉರಿ ಕಡಿಮೆ ಆಗಿರುವುದು ನಿಜ, ತುಟಿ ಬೇಗ ಜೋಮು ಹಿಡಿಯುವುದೂ ನಿಜ.

ಕಾರ್ಟ್ರಿಜ್ ಬಿಸಿ ಮಾಡುವ ಪೆಟ್ಟಿಗೆ ಬೇಡ. ಮದ್ದು ಕೋಣೆಯಷ್ಟು ಬೆಚ್ಚಗಿದ್ದರೆ ಸಾಕು, ತುಂಬಾ ಹೊತ್ತು ಬಿಸಿಯಲ್ಲಿಟ್ಟರೆ ಅಡ್ರಿನಲಿನ್ ಕೆಡುತ್ತದೆ. ಚುಚ್ಚುವಾಗ ನೋವು ಗೊತ್ತಾಗದಿರಲಿ ಅಂತ ಬಳಸುವ ಕಂಪಿಸುವ ಸಾಧನವನ್ನೂ ನೋಡಿದೆ. ಕೆನ್ನೆಯನ್ನು ಬೆರಳಲ್ಲಿ ಹಿಡಿದು ಅಲುಗಿಸಿದರೂ ಅದೇ ಕೆಲಸ ಆಗುತ್ತದೆ.

ಕೆಳಗಿನ ದವಡೆ ಹಲ್ಲಿನ ನರ ಊದಿಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರ ವಿಷಯ ಬೇರೆ. ಅವರಿಗೆ ಇಂಜೆಕ್ಷನ್ ಯಂತ್ರ, ಹುಳಿ ತೆಗೆಯುವ ಸಾಧನ ಎರಡೂ ಸೇರಿ ಚುಚ್ಚುವುದನ್ನು ಹಗುರ ಮಾಡುತ್ತವೆ. ಆದರೆ ತುಟಿ ಪೂರ್ತಿ ಮರಗಟ್ಟಿದ ಮೇಲೂ ಹಲ್ಲು ಎಚ್ಚರವಾಗಿಯೇ ಇರಬಹುದು. ಆಗ ಹಲ್ಲಿನ ಬೇರು ಮತ್ತು ಮೂಳೆಯ ನಡುವಿನ ಸಂದಿಗೆ, ಅದೇ ಯಂತ್ರದಿಂದ, ಅದೇ ನಿಧಾನದಲ್ಲಿ ಇನ್ನೊಂದಿಷ್ಟು ಹನಿ ಬಿಡುತ್ತೇನೆ. ತಣ್ಣನೆಯ ಹತ್ತಿ ಮುಟ್ಟಿಸಿ, ಗೊತ್ತಾಗುವುದಿಲ್ಲ ಅಂತ ಅವರು ಕೈಸನ್ನೆ ಮಾಡುವವರೆಗೆ ಡ್ರಿಲ್ ಕೈಗೆ ತಗೊಳ್ಳುವುದಿಲ್ಲ.